ಶಾಲೆಯ ದಾರಿಯಲ್ಲಿ ಅಪ್ಪನ ಊರುಗೋಲು

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಗೆ ಬಂದು ಒಡೆಯರಪಾಳ್ಯದ ಕಡೆ ಮುಖ ಮಾಡಿದರೆ ಕಾಡು ಹತ್ತಿರವಾಗುತ್ತಾ ಬರುತ್ತದೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಸಾಲು, ಮತ್ತೊಂದು ಕಡೆ ಮಲೆ ಮಹದೇಶ್ವರನ ಬೆಟ್ಟಗಳು. ಮೊದಲನೆಯದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಎರಡನೆಯದು 2013ರಲ್ಲಿ ವನ್ಯಧಾಮವಾಯಿತು. ಕಾಡಂಚಿನ ದೊಡ್ಡಿ, ಪೋಡುಗಳಿಂದ ಶಾಲೆಗೆ ನಡೆಯುವ ಮಕ್ಕಳಿಗೆ ಆನೆಯ ಭಯ ಇದ್ದದ್ದೇ. ಹಾಗಾಗಿ ಜೊತೆಗೆ ದೊಡ್ಡವರೊಬ್ಬರು ಬೇಕು. ಆ ದೊಡ್ಡವರ ಕಾಲೊಂದು ಪೋಲಿಯೋದಿಂದ ಸೊರಗಿದ್ದರೆ? ಕಣ್ಣೇ ಕಾಣದಿದ್ದರೆ?

ಇದು ಊಹೆಯ ಪ್ರಶ್ನೆಯಲ್ಲ. ನಮ್ಮ ದೇಶದಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಆರಂಭವಾದದ್ದು 1985ರಲ್ಲಿ, ಪಲ್ಸ್ ಪೋಲಿಯೋ ಬಂದದ್ದು 1995ರಲ್ಲಿ. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ರೋಗ ಹೋಯಿತು, ಆದರೆ ಅದು ಮುಟ್ಟಿ ಹೋದ ಮಕ್ಕಳು ಬೆಳೆದು ದೊಡ್ಡವರಾದರು, ಮದುವೆಯಾದರು, ಈಗ ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಅಂಗವಿಕಲರೆಂದರೆ ಯಾರೋ ನೋಡಿಕೊಳ್ಳಬೇಕಾದವರು ಎಂದು ಭಾವಿಸುವ ನಾವು, ಅವರೇ ಬೆಳಿಗ್ಗೆ ಎದ್ದು ಮಗುವಿಗೆ ಜಡೆ ಹೆಣೆದು, ಬುತ್ತಿ ಕಟ್ಟಿ, ಗಂಟೆ ಹೊಡೆಯುವುದರೊಳಗೆ ಶಾಲೆ ಮುಟ್ಟಿಸಬೇಕಾದವರೂ ಹೌದು ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ.

ಆದರೆ ಮಗುವನ್ನು ಶಾಲೆಗೆ ಬಿಟ್ಟು ಬರುವುದು ತಂದೆತಾಯಿಯ ಕೆಲಸವಾದದ್ದು ಯಾವಾಗಿನಿಂದ? ಬಹಳ ಹಳೆಯ ಕಾಲದಿಂದೇನೂ ಅಲ್ಲ. ಕೂಲಿಮಠಗಳ ಕಾಲದಲ್ಲಿ ಶಾಲೆಯೇ ಊರೊಳಗಿತ್ತು. ಯಾರದೋ ಮನೆಯ ಜಗಲಿ, ಇಲ್ಲವೇ ಗುಡಿಯ ಪ್ರಾಂಗಣ. ಅಪ್ಪನ ತೊಡೆಯ ಮೇಲೆ ಕುಳಿತು ಅಕ್ಕಿಯಲ್ಲಿ ಅಕ್ಷರ ತಿದ್ದಿದ ಮೇಲೆ ಹೆತ್ತವರ ಪಾಲು ಬಹುಪಾಲು ಮುಗಿದಂತೆ. ಮಠಕ್ಕೆ ಬಾರದ ಹುಡುಗನನ್ನು ಹಿಡಿದು ತರಲು ಅಯ್ಯನವರು ಹಿರಿಯ ಹುಡುಗರನ್ನೇ ಅಟ್ಟುತ್ತಿದ್ದರು. ಹಿರಿಯ ಹುಡುಗ ಕಿರಿಯನಿಗೆ ಕಲಿಸುವ ಪದ್ಧತಿಯನ್ನು ಮದರಾಸಿನಲ್ಲಿ ಬಳಸಿ ನೋಡಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1797ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ಅದು ‘ಮದರಾಸು ಪದ್ಧತಿ’ ಎಂದು ಹೆಸರಾಯಿತು.

ಕೊಳ್ಳೇಗಾಲ ಸೀಮೆಯೂ ಆ ಮದರಾಸಿಗೇ ಸೇರಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1956ರ ನವೆಂಬರ್ 1ರವರೆಗೆ ಇದು ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಈಗ ಲೊಕ್ಕನಹಳ್ಳಿ ಹನೂರು ತಾಲ್ಲೂಕಿನ ಹೋಬಳಿ. ಸರ್ಕಾರಗಳು ಬದಲಾದರೂ ಹಳ್ಳಿಯ ಮಕ್ಕಳು ಶಾಲೆಗೆ ಹೋಗುವ ಬಗೆ ಬಹುಕಾಲ ಬದಲಾಗಲಿಲ್ಲ. ಅಕ್ಕ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಡುತ್ತಿದ್ದಳು, ಕೇರಿಯ ಮಕ್ಕಳೆಲ್ಲ ಗುಂಪಾಗಿ ಸೇರಿಕೊಳ್ಳುತ್ತಿದ್ದರು. ಅಪ್ಪ ಅಮ್ಮ ಆ ಹೊತ್ತಿಗಾಗಲೇ ಹೊಲದಲ್ಲಿರುತ್ತಿದ್ದರು. ಅಪ್ಪ ಕುಂಟನೋ ಕುರುಡನೋ ಎಂಬುದು ಶಾಲೆಯ ದಾರಿಗೆ ಸಂಬಂಧಪಟ್ಟ ವಿಷಯವೇ ಆಗಿರಲಿಲ್ಲ. ಆ ಕಾಲ ಅಂಗವಿಕಲರಿಗೆ ಒಳ್ಳೆಯದಾಗಿತ್ತು ಎಂದು ಇದರ ಅರ್ಥವಲ್ಲ. ಕಣ್ಣು ಕಾಣದ ತಂದೆಯ ಕೋಲು ಹಿಡಿದು ಊರೂರು ನಡೆಯುವ ಮಗು ಶಾಲೆಯ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ. ಅಲ್ಲಿ ಕೈಹಿಡಿದು ನಡೆಸುತ್ತಿದ್ದುದೇ ಮಗು. ಶ್ರವಣಕುಮಾರ ಕುರುಡು ತಂದೆತಾಯಿಯನ್ನು ಅಡ್ಡೆಯಲ್ಲಿ ಹೊತ್ತದ್ದನ್ನು ನಾವು ಇಂದಿಗೂ ಹಾಡಿ ಹೊಗಳುತ್ತೇವೆ. ಆ ಕುರುಡು ದಂಪತಿಗಳು ಕೂಸಾಗಿದ್ದ ಶ್ರವಣನನ್ನು ಹೇಗೆ ಸಾಕಿರಬಹುದು ಎಂದು ಮಾತ್ರ ನಮ್ಮ ಕಥೆ ಹೇಳುವವರು ವಿಚಾರಿಸಿದಂತೆ ಕಾಣುವುದಿಲ್ಲ.

ನಡೆಯಲಾರದವರಿಗೆ ವಾಹನ ಬೇಕೆಂಬ ತಿಳಿವಳಿಕೆ ಹೊಸದಲ್ಲ. ಕನ್ನಡದಲ್ಲಿ ‘ಹೆಳವ’ ಎಂದರೆ ಕಾಲಿಲ್ಲದವನು. ಊರೂರು ತಿರುಗಿ ಒಕ್ಕಲುಗಳ ವಂಶಾವಳಿ ಒಪ್ಪಿಸುವ ಹೆಳವರು ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಬಟ್ಟೆ ಹೊದ್ದು ಬರುತ್ತಿದ್ದರು. ಅವರಿಗೆ ಕಾಲಿದ್ದೇ ಇತ್ತು, ಆ ಮಾತು ಬೇರೆ. ಯೂರೋಪಿನಲ್ಲಿ 1655ರ ಸುಮಾರಿಗೆ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫಿನ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ಮಾಡುವವನು, ನಡೆಯಲಾರದ ತನಗಾಗಿ ಕೈಯಿಂದ ತಿರುಗಿಸುವ ಮೂರು ಗಾಲಿಯ ಬಂಡಿ ಕಟ್ಟಿಕೊಂಡ. ನಮ್ಮ ಸಂತೆ ಬೀದಿಗಳಲ್ಲಿ ಕಾಣುವ ಕೈಪೆಡಲಿನ ತ್ರಿಚಕ್ರ ಸೈಕಲ್ಲು ಆ ಬಂಡಿಯ ವಂಶದ್ದೇ. ಕೇಂದ್ರ ಸರ್ಕಾರ 1972ರಲ್ಲಿ ಕಾನ್ಪುರದಲ್ಲಿ ಕೃತಕ ಅಂಗಗಳ ಕಾರ್ಖಾನೆ ‘ಅಲಿಂಕೊ’ ಸ್ಥಾಪಿಸಿದ ಮೇಲೆ ಅದು ಶಿಬಿರಗಳ ಮೂಲಕ ಹಳ್ಳಿಗಳಿಗೂ ಬಂತು.

ಈ ಸೈಕಲ್ಲನ್ನು ಒಮ್ಮೆ ಗಮನಿಸಿ ನೋಡಿ. ಇರುವುದು ಒಂದೇ ಆಸನ. ಒಂದು ಕೈ ಪೆಡಲು ತಿರುಗಿಸುತ್ತಲೇ ಇರಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿದರೆ ಪೆಡಲು ಅದರ ಮೊಣಕೈಗೆ ತಗಲುತ್ತದೆ, ಹಿಂದೆ ನಿಲ್ಲಿಸಿದರೆ ಕಣ್ಣಿಗೆ ಕಾಣುವುದಿಲ್ಲ. ಸವಾರ ಒಬ್ಬನೇ, ಅವನಿಗೆ ಹೆಂಡತಿ ಮಕ್ಕಳಿಲ್ಲ ಎಂದು ತೀರ್ಮಾನಿಸಿಯೇ ಮಾಡಿದಂತಿದೆ.

ಕಾನೂನಿನ ತೀರ್ಮಾನವೂ ಅದೇ ಆಗಿತ್ತು. 1939ರ ಮೋಟಾರು ವಾಹನ ಕಾಯಿದೆಯೂ ಅದರ ನಂತರದ 1988ರ ಕಾಯಿದೆಯೂ ಅಂಗವಿಕಲರ ವಾಹನಕ್ಕೆ ಒಂದು ವ್ಯಾಖ್ಯೆ ಕೊಟ್ಟವು: ಅದು ಅವರಿಗೆಂದೇ ತಯಾರಾದದ್ದಾಗಿರಬೇಕು, ಇದ್ದ ವಾಹನವನ್ನೇ ಮಾರ್ಪಡಿಸಿದ್ದಾಗಿರಬಾರದು, ಮತ್ತು ಆ ವ್ಯಕ್ತಿಯಿಂದ ಅಥವಾ ಆ ವ್ಯಕ್ತಿಗಾಗಿ ಮಾತ್ರ ಬಳಕೆಯಾಗಬೇಕು. ಇತ್ತ ನಮ್ಮ ಊರುಗಳ ಮೆಕ್ಯಾನಿಕ್‌ಗಳು ಸಾಧಾರಣ ಸ್ಕೂಟರಿನ ಹಿಂಬದಿಗೆ ಎರಡು ಪಕ್ಕದ ಗಾಲಿ ಜೋಡಿಸಿ ಕೊಡುತ್ತಿದ್ದರು. ಮುಂದೆ ರಾಜ್ಯ ಸರ್ಕಾರವೇ ಅಂಥ ಗಾಡಿಗಳನ್ನು ಹಂಚತೊಡಗಿತು. 2019ರ ತಿದ್ದುಪಡಿ ಆ ಹಳೆಯ ಹೆಸರನ್ನು ತೆಗೆದು ‘ಮಾರ್ಪಡಿಸಿದ ವಾಹನ’ ಎಂಬ ಹೆಸರು ತಂದು, ಮಾರ್ಪಾಡನ್ನೂ ವ್ಯಾಖ್ಯೆಯೊಳಕ್ಕೆ ಸೇರಿಸಿಕೊಂಡಿತು. ‘ಮಾತ್ರ’ ಎಂಬ ಪದವನ್ನು ಮಾತ್ರ ಬಿಡಲಿಲ್ಲ! ಕಾಲು ಮಡಚಲಾರದ ತಾಯಿಯೊಬ್ಬಳು ಮುಂದೆ ಮಗುವನ್ನು ನಿಲ್ಲಿಸಿಕೊಂಡು ಶಾಲೆಗೆ ಹೊರಟರೆ ಆ ಪದವನ್ನು ಹೇಗೆ ಓದಬೇಕೋ ವಕೀಲರೇ ಹೇಳಬೇಕು.

ಎಣಿಕೆಯ ಕಥೆಯೂ ಹೀಗೇ. 1872ರಿಂದ 1931ರವರೆಗಿನ ಜನಗಣತಿಗಳು ಬುದ್ಧಿಭ್ರಮಣೆ, ಕಿವುಡುಮೂಗ, ಕುರುಡು, ಕುಷ್ಠ ಎಂದು ನಾಲ್ಕು ಬಗೆಯವರನ್ನು ಲೆಕ್ಕ ಹಾಕಿದವು. ಕಾಲಿಲ್ಲದವರು ಆ ಪಟ್ಟಿಯಲ್ಲಿರಲಿಲ್ಲ. ಸ್ವಾತಂತ್ರ್ಯಾನಂತರ 1981ರಲ್ಲಿ ಒಮ್ಮೆ ಕೇಳಿ, 1991ರಲ್ಲಿ ಕೈಬಿಟ್ಟು, 2001ರಲ್ಲಿ ಮತ್ತೆ ಎತ್ತಿಕೊಂಡರು. 2011ರ ಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷ 24 ಸಾವಿರ. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ತಂದೆತಾಯಿ ಎಷ್ಟು ಮಂದಿ ಎಂದು ತಿಳಿಯಲು ಆ ಲೆಕ್ಕದಿಂದ ಸುಲಭದ ದಾರಿಯಿಲ್ಲ.

ಈ ನಡುವೆ ಶಾಲೆಯ ದಾರಿಯೇ ಬದಲಾಯಿತು. ಊರ ಶಾಲೆ ಬಿಟ್ಟು ಹೋಬಳಿಯ ಕಾನ್ವೆಂಟಿಗೆ ಕಳಿಸುವುದು, ರಸ್ತೆಯವರೆಗೆ ಬರುವ ವ್ಯಾನಿಗೆ ಹತ್ತಿಸುವುದು, ಸಂಜೆ ಗೇಟಿನ ಬಳಿ ಕಾಯುವುದು, ಪೋಷಕರ ಸಭೆಗೆ ಹೋಗುವುದು ಎಲ್ಲವೂ ಹೆತ್ತವರ ಹೆಗಲಿಗೆ ಬಿದ್ದವು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಶಾಲೆಯ ಆಡಳಿತ ಸಮಿತಿಯ ಮುಕ್ಕಾಲು ಪಾಲು ತಂದೆತಾಯಿ, ಪೋಷಕರೇ ಇರಬೇಕೆಂದು ಹೇಳಿತು. ಅದರಡಿಯ ಕೇಂದ್ರದ ನಿಯಮಗಳು 5ನೇ ತರಗತಿಯವರೆಗೆ 1 ಕಿಲೋಮೀಟರ್, 8ರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದವು. ಅಂಗವಿಕಲ ಮಗುವಿಗೆ ಸಾರಿಗೆಯ ಏರ್ಪಾಡಿನ ಮಾತೂ ಅಲ್ಲಿದೆ. ಅಂಗವಿಕಲ ಪೋಷಕರ ಮಗು ಆ ನಿಯಮಗಳಿಗೆ ಹೊಳೆಯಲಿಲ್ಲ. ಮಗುವಿಗೆ ಎರಡು ಕಾಲೂ ನೆಟ್ಟಗಿವೆಯಲ್ಲ!

ಹೊಳೆದದ್ದು ಬೇರೆ ಕಡೆ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 23ನೇ ವಿಧಿ, ಮಕ್ಕಳನ್ನು ಬೆಳೆಸುವ ಹೊಣೆಯಲ್ಲಿ ಅಂಗವಿಕಲರಿಗೆ ಸರ್ಕಾರಗಳು ತಕ್ಕ ನೆರವು ನೀಡಬೇಕೆನ್ನುತ್ತದೆ. ಅದರ ಬೆನ್ನಿಗೆ ಬಂದ 2016ರ ನಮ್ಮ ಕಾಯಿದೆಯ 24ನೇ ಕಲಮು, ಅಂಗವಿಕಲ ಮಹಿಳೆಯರಿಗೆ ಜೀವನೋಪಾಯಕ್ಕೂ ಮಕ್ಕಳ ಪಾಲನೆಗೂ ಬೆಂಬಲ ನೀಡುವ ಯೋಜನೆಗಳ ಮಾತಾಡುತ್ತದೆ. ತಂದೆಯರ ಹೆಸರು ಅಲ್ಲಿಲ್ಲ. ಕರ್ನಾಟಕದಲ್ಲಿ ಅಂಧ ತಾಯಂದಿರಿಗೆ ಶಿಶುಪಾಲನಾ ಭತ್ಯೆ ಇದೆ, ಒಳ್ಳೆಯ ಯೋಜನೆಯೇ. ಆದರೆ ಅದು ಹೆಸರಿಗೆ ತಕ್ಕಂತೆ ಶೈಶವಕ್ಕೆ ಸೇರಿದ್ದು. ಮಗು ಚೀಲ ಹೆಗಲಿಗೇರಿಸಿ ಮನೆಯಿಂದ ಹೊರಬೀಳುವ ಹೊತ್ತಿಗೆ ಭತ್ಯೆಯ ಅವಧಿ ಮುಗಿದಿರುತ್ತದೆ.

ಉಳಿದದ್ದು ನೆರೆಹೊರೆ. ಓಣಿಯ ದೊಡ್ಡ ಹುಡುಗಿ ಇವರ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗುವುದು, ಬಸ್ಸಿನ ಕಂಡಕ್ಟರು ಮಗುವನ್ನು ಎತ್ತಿ ಇಳಿಸುವುದು ಇವೆಲ್ಲ ನಮ್ಮ ಕಡೆ ಈಗಲೂ ಉಂಟು. ಒಂದು ರೀತಿಯಲ್ಲಿ ಕೂಲಿಮಠದ ಕಾಲದ ಏರ್ಪಾಡೇ. ಇನ್ನು ಕೈಪೆಡಲಿನ ಸೈಕಲ್ಲಿನವರು ಏರುದಾರಿ ಬಂದಲ್ಲಿ ಮಗುವನ್ನು ಕೆಳಗಿಳಿಸುತ್ತಾರೆ. ಮಗು ಚೀಲವನ್ನು ಅಪ್ಪನ ತೊಡೆಯ ಮೇಲಿಟ್ಟು ಹಿಂದಿನಿಂದ ತಳ್ಳುತ್ತದೆ. ಮಗುವನ್ನು ಶಾಲೆಯಲ್ಲಿ ಬಿಟ್ಟ ಮೇಲೆ ಅಪ್ಪ ಒಬ್ಬನೇ ಹಿಂದಿರುಗಬೇಕು, ಆಗ ಎದುರಾಗುವ ಏರಿನಲ್ಲಿ ತಳ್ಳಲು ಯಾರೂ ಇರುವುದಿಲ್ಲ.