ಒಳಗಿನ ಚರ್ಮ

ಇತಿಹಾಸ ಪಾಠ ಮಾಡುವ ನನಗೂ ಜೀವಶಾಸ್ತ್ರಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೆ ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೆರಿಗೆ ರಜೆಯ ಮೇಲೆ ಹೋದಾಗ, ಮುಖ್ಯೋಪಾಧ್ಯಾಯರು ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಪಾಠವನ್ನು ನನ್ನ ತಲೆಗೆ ಕಟ್ಟಿದರು. ಬಿ.ಎ., ಬಿ.ಎಡ್. ಓದಿದವಳು ಅನುಲೇಪಕ ಅಂಗಾಂಶದ ಬಗ್ಗೆ ಏನು ಹೇಳಿಯಾಳು? ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿದು ಮಕ್ಕಳ ಹಾಗೆಯೇ ಬಾಯಿಪಾಠಕ್ಕೆ ಕುಳಿತೆ.

ಓದಿದಂತೆಲ್ಲ ಸೋಜಿಗವೆನಿಸಿತು. ಮೈಯ ಹೊರಗೆ ಚರ್ಮವಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಳಗಿನ ಒಂದೊಂದು ಕೊಳವೆಗೂ ಚೀಲಕ್ಕೂ ಜೀವಕೋಶಗಳ ಹಾಸು ಇದೆ. ಹಾಲಿನ ಮೇಲಿನ ಕೆನೆಯ ಹಾಗೆ ಎಂದುಕೊಳ್ಳಿ. ಕೆಲಸಕ್ಕೆ ತಕ್ಕ ಆಕಾರ ಅದರದು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಒಂದೇ ಪದರದ ಚಪ್ಪಟೆ ಕೋಶಗಳು, ಪ್ರಾಣವಾಯು ಸುಲಭವಾಗಿ ರಕ್ತಕ್ಕೆ ದಾಟಬೇಕಲ್ಲ! ಬಿಸಿ, ಖಾರ, ಉಜ್ಜಾಟ ತಡೆಯಬೇಕಾದ ಬಾಯಿ, ಅನ್ನನಾಳಗಳಲ್ಲಿ ಪದರದ ಮೇಲೆ ಪದರ. ಮೂತ್ರಪಿಂಡದ ನಳಿಕೆಗಳಲ್ಲಿ ಘನಾಕಾರದ ಕೋಶಗಳು. ಕರುಳಿನಲ್ಲಿ ಕಂಬಗಳ ಸಾಲಿನಂತೆ ನಿಂತು ಆಹಾರದ ಸಾರವನ್ನು ಹೀರುವವು. ಶ್ವಾಸನಾಳದಲ್ಲಿ ಕೂದಲಿನಂಥ ಲೋಮಾಂಗಗಳಿಂದ ಧೂಳು, ಕಫವನ್ನು ಮೇಲಕ್ಕೆ ತಳ್ಳುವವು. ಈ ಹಾಸಿಗೆ ತನ್ನದೇ ರಕ್ತನಾಳಗಳಿಲ್ಲ. ಅಡಿಯಿಂದ ಒಸರುವ ಪೋಷಣೆಯಲ್ಲೇ ಬದುಕುತ್ತದೆ. ಸವೆದು ಉದುರುತ್ತದೆ, ಮತ್ತೆ ಹುಟ್ಟುತ್ತದೆ.

ನನ್ನ ಚಾಳಿ ಬಿಡಲಿಲ್ಲ. ಇದಕ್ಕೆ ಹೆಸರಿಟ್ಟವರು ಯಾರು ಎಂದು ಹುಡುಕಿದೆ. ಆಮ್‌ಸ್ಟರ್‌ಡ್ಯಾಮ್ ನಗರದ ಫ್ರೆಡರಿಕ್ ರಾಯ್ಶ್ (1638-1731) ಎಂಬ ಅಂಗರಚನಾ ಶಾಸ್ತ್ರಜ್ಞ. 1668ರಿಂದ ಆತ ಅಲ್ಲಿನ ಸೂಲಗಿತ್ತಿಯರಿಗೆ ಪಾಠ ಹೇಳುತ್ತಿದ್ದ. 18ನೆಯ ಶತಮಾನದ ಆರಂಭದಲ್ಲಿ, ತುಟಿಯ ಸಣ್ಣ ಗುಬುಟುಗಳ ಮೇಲಿನ ತೆಳುಪೊರೆಗೆ ‘ಎಪಿಥೀಲಿಯಾ’ ಎಂದು ಕರೆದ. ಗ್ರೀಕಿನಲ್ಲಿ ‘ಎಪಿ’ ಎಂದರೆ ಮೇಲೆ, ‘ಥೀಲಿ’ ಎಂದರೆ ಮೊಲೆತೊಟ್ಟು. 1838ರಲ್ಲಿ ಜರ್ಮನಿಯ ಯಾಕೋಬ್ ಹೆನ್ಲೆ, ಈ ಪೊರೆ ತುಟಿಗಷ್ಟೇ ಸೇರಿದ್ದಲ್ಲ, ಮೈಯ ಉದ್ದಗಲಕ್ಕೂ ಹರಡಿದೆ ಎಂದು ಸೂಕ್ಷ್ಮದರ್ಶಕದಿಂದ ತೋರಿಸಿದ.

ಮರುದಿನ ಮಕ್ಕಳಿಗೆ ಪ್ರಯೋಗ. ಕೆನ್ನೆಯ ಒಳಮೈಯನ್ನು ಹಲ್ಲುಕಡ್ಡಿಯಿಂದ ಮೆಲ್ಲನೆ ಕೆರೆದು, ಗಾಜಿನ ಪಟ್ಟಿಗೆ ಸವರಿ, ಮಿಥೈಲಿನ್ ಬ್ಲೂ ಹನಿ ಹಾಕಿ ನೋಡಿದರು. ಚಪ್ಪಟೆ ಕೋಶಗಳು, ನಡುವೆ ನೀಲಿ ಚುಕ್ಕೆ. ಒಬ್ಬ ಹುಡುಗಿ ಕೇಳಿದಳು: “ಮೇಡಂ, ಹೀಗೆ ಉದುರಿದ್ದನ್ನ ನೋಡಿ ಏನು ಪ್ರಯೋಜನ?”

ಉತ್ತರ ನನಗೆ ಹೊಳೆಯಲಿಲ್ಲ. ಮನೆಗೆ ಹೋಗಿ ಮತ್ತೆ ಹುಡುಕಿದಾಗ ಸಿಕ್ಕಿದ್ದು ಜಾರ್ಜ್ ಪಾಪಾನಿಕೊಲಾವ್ (1883-1962) ಅವರ ಕಥೆ. ಗ್ರೀಸ್ ದೇಶದ ವೈದ್ಯ. 1913ರಲ್ಲಿ ಹೆಂಡತಿ ಮೇರಿಯೊಡನೆ ನ್ಯೂಯಾರ್ಕಿಗೆ ಬಂದರು. ಮೊದಲು ಅಂಗಡಿಯಲ್ಲಿ ಆತ ರತ್ನಗಂಬಳಿ ಮಾರಿದರು, ಆಕೆ ಗುಂಡಿ ಹೊಲಿದರು. ಪ್ರಯೋಗಾಲಯದ ಕೆಲಸ ಸಿಕ್ಕಿದ ಮೇಲೆ ಆತ ಹೆಣ್ಣಿನ ಜನನಾಂಗದಿಂದ ಉದುರುವ ಕೋಶಗಳನ್ನು ಗಾಜಿನ ಮೇಲೆ ಸವರಿ ನೋಡತೊಡಗಿದರು. ಆ ಕೋಶಗಳನ್ನು ವರ್ಷಗಟ್ಟಲೆ ಕೊಟ್ಟಾಕೆ ಮೇರಿ. ಗರ್ಭಕೊರಳಿನ ಒಳಗೆ ಕಂಬದಂಥ ಕೋಶಗಳು, ಹೊರಗೆ ಚಪ್ಪಟೆ ಕೋಶಗಳ ಪದರಗಳು. ಇವೆರಡೂ ಕೂಡುವ ಗಡಿಯಲ್ಲೇ ಕೋಶಗಳು ಆಕಾರ ಬದಲಿಸುತ್ತವೆ, ಕ್ಯಾನ್ಸರ್ ಕೂಡ ಹೆಚ್ಚಾಗಿ ಅಲ್ಲೇ ಹುಟ್ಟುತ್ತದೆ. ಉದುರಿದ ಕೋಶ ನೋಡಿ ಅದನ್ನು ಪತ್ತೆ ಹಚ್ಚಬಹುದು ಎಂದು 1928ರಲ್ಲಿ ಆತ ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಹರ್ಬರ್ಟ್ ಟ್ರಾಟ್ ಅವರೊಡನೆ 1943ರಲ್ಲಿ ಪುಸ್ತಕ ಬರೆದ ಮೇಲೆ ಜಗತ್ತು ಒಪ್ಪಿತು. ಅದೇ ‘ಪ್ಯಾಪ್’ ಪರೀಕ್ಷೆ. ಕೋಶ ಕೆಡುವುದಕ್ಕೂ ಕ್ಯಾನ್ಸರ್ ಆಗುವುದಕ್ಕೂ ನಡುವೆ ಸಾಮಾನ್ಯವಾಗಿ ಹತ್ತಾರು ವರ್ಷಗಳ ಅವಕಾಶವಿರುತ್ತದೆ. ಆ ಅವಧಿಯಲ್ಲಿ ಗೊತ್ತಾದರೆ ಕೆಟ್ಟ ಪೊರೆಯನ್ನಷ್ಟೇ ತೆಗೆದು ಜೀವ ಉಳಿಸಬಹುದು.

ಓದುತ್ತಾ ನನ್ನ ಕೈ ತಣ್ಣಗಾಯಿತು. ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮ ಹೋದದ್ದು ಇದೇ ಕಾಯಿಲೆಯಲ್ಲಿ, 1989ರಲ್ಲಿ. ಆಗ ನಾನು ಬಿ.ಎ. ಓದುತ್ತಿದ್ದೆ. ಮುಟ್ಟು ನಿಂತು ಎರಡು ವರ್ಷದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿತ್ತು. ಯಾರಿಗೂ ಹೇಳಲಿಲ್ಲ. ರಾತ್ರಿ ಬಚ್ಚಲಲ್ಲಿ ಬಟ್ಟೆ ಒಗೆದು, ಹಿತ್ತಿಲಲ್ಲಿ ಸೀರೆಯ ಅಡಿ ಮರೆಮಾಡಿ ಒಣಹಾಕುತ್ತಿದ್ದಳು. “ಹೆಂಗಸರ ತೊಂದರೆ, ತಾನಾಗೇ ಹೋಗತ್ತೆ ಬಿಡೇ” ಎಂದು ಅಮ್ಮನ ಬಾಯಿಯನ್ನೂ ಮುಚ್ಚಿಸಿದಳು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಹಬ್ಬಿಬಿಟ್ಟಿತ್ತು. ಅವಳಿಗೆ 52 ವರ್ಷ.

ಇಸವಿಗಳ ಲೆಕ್ಕ ಹಾಕುವುದು ನನ್ನ ಕಸುಬು. 1943ರಿಂದ 1989ಕ್ಕೆ 46 ವರ್ಷ. ಅಷ್ಟು ಕಾಲ ಈ ವಿದ್ಯೆ ಜಗತ್ತಿನಲ್ಲಿತ್ತು, ನಮ್ಮ ಹಿತ್ತಿಲಿಗೆ ಬರಲಿಲ್ಲ. ದೂರದಿಂದ ಮಾತ್ರ ಹೀಗಾಯಿತು ಎನ್ನಲಾರೆ, ನಾಚಿಕೆಯೂ ದಾರಿಗೆ ಅಡ್ಡ ನಿಂತಿತ್ತು. ಇನ್ನೂ ಹೇಳಬೇಕೆಂದರೆ, ಓದಿದವಳಾದ ನಾನೇ ಅಲ್ಲಿಯವರೆಗೆ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಕಾರಣ ಅದೇ ನಾಚಿಕೆ.

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದೆ. ಕೆಲವೇ ನಿಮಿಷಗಳ ಕೆಲಸ. ಮಕ್ಕಳು ಕೆನ್ನೆ ಕೆರೆದ ಹಾಗೆಯೇ ಕೆರೆದು, ಗಾಜಿಗೆ ಸವರಿದರು. ಏನೂ ತೊಂದರೆಯಿಲ್ಲ ಎಂದು ವರದಿ ಬಂತು. ಹುಡುಗಿಗೆ ಉತ್ತರ ಕೊಟ್ಟೆ. ಈ ಕಾಯಿಲೆಯ ಹಿಂದೆ ಒಂದು ವೈರಸ್ ಇದೆ, ಅದನ್ನು ತೋರಿಸಿದ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು, ಹೆಣ್ಣುಮಕ್ಕಳಿಗೆ ಈಗ ಲಸಿಕೆಯೂ ಇದೆ ಎಂದೂ ಹೇಳಿದೆ. ಹುಡುಗರೂ ಇದ್ದರು. ಯಾರೂ ನಗಲಿಲ್ಲ.

ವಿಜ್ಞಾನದ ಮೇಡಂ ಮರಳಿ ಬಂದರು, ನಾನು ನನ್ನ ಮೌರ್ಯರು, ಹೊಯ್ಸಳರ ಬಳಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ನಾವು ಆರು ಜನ ಹೆಂಗಸರು. ನಾನು ಹೋಗಿ ಬಂದ ಮೇಲೆ ನಾಲ್ವರು ಹೋಗಿ ಬಂದರು. ಉಳಿದ ಒಬ್ಬರು “ಮುಂದಿನ ತಿಂಗಳು ಹೋಗ್ತೀನ್ರೀ” ಎನ್ನುತ್ತಾರೆ. ಪ್ರತಿ ತಿಂಗಳೂ ಸಂಬಳದ ದಿನ ನಾನು ಮರೆಯದೆ ಕೇಳುತ್ತೇನೆ.