ಬಜ್ಪೆಯ ಆಕಾಶದಲ್ಲಿ ಕೇಳಿಸಿದ್ದು, ಕೇಳಿಸದ್ದು

ಮುಂಬೈಯಿಂದ ಬಳ್ಳಾರಿಗೆ ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ, ಅದು ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಉಮದಿ, ಸಂಖ, ದಾನಮ್ಮದೇವಿಯ ಗುಡ್ಡಾಪುರ ಇರುವ ಜತ್, ಮಹಾರಾಷ್ಟ್ರದೊಳಗೆ ಕನ್ನಡ ಮಾತಾಡುವ ಬರದ ಸೀಮೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮೂಲಕ ಮದರಾಸಿಗೆ ಒಯ್ದರು. ಆ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಪೈಲಟ್ ನೆಲದ ಗುರುತು ನೋಡಿಕೊಂಡೇ ಹಾರಬೇಕಿತ್ತು. ಕೆಳಗಿದ್ದವರಿಗೆ ಕೇಳಿಸುತ್ತಿದ್ದುದು ಇಂಜಿನಿನ ಸದ್ದು ಮಾತ್ರ.

ಇಂದು ವಿಮಾನಗಳು ಮಾತಾಡುತ್ತಲೇ ಹಾರುತ್ತವೆ. ನಾವು ಹಾಡು ಕೇಳುವ ಎಫ್‌ಎಂ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅದರಿಂದ ಸ್ವಲ್ಪ ಮೇಲೆ, 118ರಿಂದ 137ರವರೆಗೆ, ಪೈಲಟ್ ಮತ್ತು ನೆಲದ ನಿಯಂತ್ರಕರ ಸಂಭಾಷಣೆ ನಡೆಯುತ್ತದೆ. ಈ ಅಲೆಗಳನ್ನು ಒಂದೊಂದಾಗಿ ಸರಸರ ಹುಡುಕಿ, ಮಾತು ಸಿಕ್ಕಲ್ಲಿ ನಿಲ್ಲುವ ಪೆಟ್ಟಿಗೆಯೇ ಸ್ಕ್ಯಾನರ್. ಅದನ್ನು ಹಿಡಿದು ಕೇಳುವುದು ಹಲವು ದೇಶಗಳಲ್ಲಿ ಹವ್ಯಾಸ. ಅಮೆರಿಕದಲ್ಲಿ ಇದಕ್ಕೆ ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ಸ್ಕ್ಯಾನರ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅನುಮತಿಯಿಲ್ಲದೆ ವಿಮಾನದ ಮಾತು ಕೇಳುವುದು ಕಾನೂನಿಗೆ ವಿರುದ್ಧ.

ಈ ಅಲೆಗಳು ನೇರ ಗೆರೆಯಲ್ಲಿ ಸಾಗುತ್ತವೆ, ಭೂಮಿಯ ಬಾಗು ಅಡ್ಡ ಬಂದಲ್ಲಿ ನಿಲ್ಲುತ್ತವೆ. 10 ಕಿಲೋಮೀಟರ್ ಎತ್ತರದಲ್ಲಿರುವ ವಿಮಾನದ ದನಿ ಸುಮಾರು 400 ಕಿಲೋಮೀಟರ್ ದೂರಕ್ಕೂ ಮುಟ್ಟಬಲ್ಲುದು. ಜತ್‌ನ ಬಯಲಲ್ಲಿ ನಿಂತವನಿಗೆ ಮೇಲೆ ಹೋಗುವ ಪೈಲಟ್‌ನ ಉತ್ತರ ಸ್ಪಷ್ಟವಾಗಿ ಕೇಳೀತು. ಆದರೆ 300 ಕಿಲೋಮೀಟರಿಗೂ ದೂರದ ಮುಂಬೈ ಟವರಿನ ದನಿ ಅವನಿಗೆ ಕೇಳದು. ಈ ಹವ್ಯಾಸದ ಸ್ವಭಾವವೇ ಇದು: ಹೆಚ್ಚಾಗಿ ಸಿಗುವುದು ಅರ್ಧ ಮಾತು.

ನಮ್ಮ ಕರಾವಳಿಯ ಮನೆಗಳಿಗೂ ಈ ಅರ್ಧ ಮಾತು ಬರುತ್ತಿತ್ತು. ಅರಬ್ಬಿ ಸಮುದ್ರದ ನಡುವೆ ಹಾರುವ ವಿಮಾನಕ್ಕೆ ದಡದ ಆ ಅಲೆ ಸಿಗುವುದಿಲ್ಲ. ಅಲ್ಲಿ ಶಾರ್ಟ್‌ವೇವ್ ಬೇಕು. ಮುಂಬೈಯಿಂದ ವಿಮಾನಗಳಿಗಾಗಿ ಹವಾಮಾನ ವರದಿ ಓದುವ ಪ್ರಸಾರವೂ 6676 ಮತ್ತು 11387 ಕಿಲೋಹರ್ಟ್ಸ್‌ನಲ್ಲಿ ಇತ್ತು. ಗಲ್ಫಿನಿಂದ ಬಂದ ಟೂ-ಇನ್-ವನ್‌ನಲ್ಲಿ ಸ್ಟೇಷನ್ ಹುಡುಕುವಾಗ ಬಾತುಕೋಳಿ ಕೂಗಿದಂಥ ದನಿ ಕೇಳಿದರೆ, ಅದು ಇಂಥ ಮಾತು ಇದ್ದಿರಬಹುದು. ಅದನ್ನು ಬಿಡಿಸಿ ಕೇಳಿಸುವ ಸಲಕರಣೆ ಸಾಮಾನ್ಯ ರೇಡಿಯೋದಲ್ಲಿ ಇರಲಿಲ್ಲ.

ಕಾನೂನೂ ಬಿಗಿಯಾಗಿತ್ತು. 1933ರ ವೈರ್‌ಲೆಸ್ ಕಾಯ್ದೆಯ ಪ್ರಕಾರ ಯಾವುದೇ ನಿಸ್ತಂತು ಯಂತ್ರ ಮನೆಯಲ್ಲಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಹಾಡು, ವಾರ್ತೆ ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿದ ಪುಸ್ತಕ ಹಿರಿಯರಿಗೆ ನೆನಪಿರಬಹುದು. 1980ರ ದಶಕದಲ್ಲಿ ಅದು ಹೋಯಿತು. ಆದರೆ ಆ ವಿನಾಯಿತಿ ಬಂದದ್ದು ಮನೆಯ ರೇಡಿಯೋಗೆ, ಸ್ಕ್ಯಾನರಿಗಲ್ಲ. ಹಳೆಯ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂತು. ಗಲ್ಫಿನಿಂದ ಬರುವ ಮಕ್ಕಳಿಗೆ ಸ್ಕ್ಯಾನರ್ ತರಲು ಹೇಳುವ ಮೊದಲು ಇದು ತಿಳಿದಿರಲಿ.

ಬಜ್ಪೆ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಆ ದಿನ ಪ್ರಧಾನಿ ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದರು. ಆದರೂ ಗಲ್ಫಿಗೆ ಹೊರಟ ನಮ್ಮವರು ಮುಂದಿನ ಹಲವು ದಶಕ ಬಸ್ಸು ಹತ್ತಿ ಬೊಂಬಾಯಿಗೇ ಹೋಗಬೇಕಾಯಿತು. 2006ರಲ್ಲಿ ಹೊಸ ರನ್‌ವೇ ಸಿದ್ಧವಾಗಿ, ಅದೇ ವರ್ಷ ದುಬೈಗೆ ನೇರ ವಿಮಾನ ಆರಂಭವಾಯಿತು. ಕಾಯುವ ಜಾಗ ಬದಲಾಯಿತು. ಉಮ್ಮಂದಿರು ಬಜ್ಪೆಯ ಗೇಟಿನಲ್ಲೇ ನಿಂತು ಮಕ್ಕಳಿಗಾಗಿ ಕಾಯತೊಡಗಿದರು.

2010ರ ಮೇ 22ರ ಬೆಳಿಗ್ಗೆಯೂ ಹಾಗೆಯೇ ಕಾಯುತ್ತಿದ್ದರು. 6 ಗಂಟೆ ದಾಟುತ್ತಿದ್ದಂತೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ರನ್‌ವೇ ದಾಟಿ ಕೆಂಜಾರಿನ ಕಮರಿಗೆ ಉರುಳಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು.

ಆ ಹೊತ್ತಿನಲ್ಲಿ ಬಜ್ಪೆಯ ಬಳಿ ಯಾರ ಕೈಯಲ್ಲಾದರೂ ಸ್ಕ್ಯಾನರ್ ಇದ್ದಿದ್ದರೆ ಏನು ಕೇಳಿಸುತ್ತಿತ್ತು? ಟವರ್ ಇಳಿಯಲು ಅನುಮತಿ ಕೊಟ್ಟದ್ದು, ಗಾಳಿ ಶಾಂತವಾಗಿದೆ ಎಂದದ್ದು, ಪೈಲಟ್ ಒಪ್ಪಿ ಉತ್ತರಿಸಿದ್ದು. ಎಲ್ಲವೂ ಸರಿಯಾಗಿದೆ ಎಂದೇ ಅನಿಸುತ್ತಿತ್ತು.

ಕೇಳಿಸದ ಮಾತು ಬೇರೆಯೇ ಇತ್ತು. ವಿಮಾನ ತೀರಾ ಎತ್ತರದಲ್ಲಿದೆ, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂಬ ಅರ್ಥದಲ್ಲಿ ‘ಗೋ ಅರೌಂಡ್’ ಎಂದು ಸಹ ಪೈಲಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದರು. ಯಂತ್ರವೂ ಎಚ್ಚರಿಸಿತ್ತು. ಆದರೆ ಕಾಕ್‌ಪಿಟ್ಟಿನೊಳಗೆ ಆಡಿದ ಮಾತು, ಗುಂಡಿ ಒತ್ತದೆ ಆಕಾಶಕ್ಕೆ ಹೋಗುವುದಿಲ್ಲ. ಅದು ನಮಗೆ ತಿಳಿದದ್ದು ಅವಶೇಷಗಳಲ್ಲಿ ಸಿಕ್ಕ ಧ್ವನಿಮುದ್ರಣ ಯಂತ್ರದಿಂದ. ಅದರಲ್ಲಿದ್ದುದು 2 ಗಂಟೆ ಚಿಲ್ಲರೆಯ ಮುದ್ರಣ. ಮೊದಲ 1 ಗಂಟೆ 40 ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತುಕತೆಯೇ ಇರಲಿಲ್ಲ ಎಂದು ತನಿಖಾ ವರದಿ ದಾಖಲಿಸಿದೆ.

1977ರಲ್ಲಿ ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ ಕೇಳಿಸದ ಮಾತೊಂದಿತ್ತು. ಟವರ್ ಮತ್ತು ಒಂದು ವಿಮಾನ ಒಮ್ಮೆಗೇ ಮಾತಾಡಿದ್ದರಿಂದ, ಇನ್ನೊಂದು ವಿಮಾನದ ಪೈಲಟ್‌ಗಳ ಕಿವಿಗೆ ಬಿದ್ದದ್ದು ಸಿಳ್ಳಿನಂಥ ಸದ್ದು. ಆಮೇಲಿನ ವರ್ಷಗಳಲ್ಲಿ, ಕಿರಿಯ ಪೈಲಟ್ ಧೈರ್ಯವಾಗಿ ಹೇಳಬೇಕು, ಹಿರಿಯರು ಕಿವಿಗೊಡಬೇಕು ಎಂಬ ತರಬೇತಿ ಜಗತ್ತಿನಲ್ಲಿ ಬೆಳೆಯಿತು. ಆ ಪಾಠವಿದ್ದೂ 2010ರಲ್ಲಿ ಹೇಳಿದವರ ಮಾತು ನಡೆಯಲಿಲ್ಲ.

ಈಗ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ವಿಮಾನದ ಚಿತ್ರ ಸಮುದ್ರ ದಾಟಿ ಬರುವುದನ್ನು ನೋಡುತ್ತೇವೆ. ಅದು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಒಳಗೆ ಯಾರು ಏನು ಹೇಳಿದರು, ಯಾರು ಕೇಳಿದರು ಎಂಬುದು ಇವತ್ತಿಗೂ ತಿಳಿಯುವುದಿಲ್ಲ. ಚಿತ್ರ ನೆಲ ಮುಟ್ಟಿದ ಮೇಲೂ, ‘ಇಳಿದೆ’ ಎಂಬ ಫೋನ್ ಬರುವವರೆಗೆ ನಮ್ಮ ಮನೆಗಳಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ.