ಕಲ್ಲಿದ್ದಲಿಲ್ಲದ ನಾಡಿನ ಕರೆಂಟು

ಮಳೆಗಾಲ ಬಂತೆಂದರೆ ಕನ್ನಡ ದಿನಪತ್ರಿಕೆಗಳಲ್ಲಿ ಜಲಾಶಯಗಳ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಲಿಂಗನಮಕ್ಕಿಯದು 1,819 ಅಡಿ. ಪಕ್ಕದಲ್ಲಿ ಇಂದಿನ ಮಟ್ಟ, ಕಳೆದ ವರ್ಷ ಇದೇ ದಿನದ ಮಟ್ಟ, ಒಳಹರಿವು, ಹೊರಹರಿವು. ಮಂಡ್ಯದ ರೈತರು ಅದನ್ನು ಗದ್ದೆಯ ಲೆಕ್ಕದಲ್ಲಿ ಓದುತ್ತಾರೆ. ವಿದ್ಯುತ್ ನಿಗಮದವರು ಓದುವುದು ಮುಂದಿನ ಬೇಸಿಗೆಯ ಲೆಕ್ಕದಲ್ಲಿ.

ಬಿಸಿಲು, ಗಾಳಿ, ನೀರು ಸೇರಿ ಕಲ್ಲಿದ್ದಲಿನ ಜಾಗ ತುಂಬಬಲ್ಲವೇ ಎಂಬುದು ಇಂದು ಜಗತ್ತಿನೆಲ್ಲೆಡೆ ನಡೆದಿರುವ ವಾದ. ಕರ್ನಾಟಕಕ್ಕೆ ಈ ಪ್ರಶ್ನೆ ಹೊಸದಲ್ಲ. ಇಲ್ಲಿ ಕರೆಂಟು ಹುಟ್ಟಿದ್ದೇ ಕಲ್ಲಿದ್ದಲನ್ನು ಬದಿಗೆ ಸರಿಸಲು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳ ಬಲದಲ್ಲಿ ನಡೆಯುತ್ತಿದ್ದವು. ಆ ಯಂತ್ರಗಳಿಗೆ ಸುತ್ತಲಿನ ಕಾಡಿನ ಸೌದೆ ಬೇಕಿತ್ತು, ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲೂ ಬೇಕಿತ್ತು. ಗಣಿ ಆಳಕ್ಕಿಳಿದಷ್ಟೂ ಖರ್ಚು ಮೇಲೇರುತ್ತಿತ್ತು. ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯ ಬಲವನ್ನು ಗಣಿಗೆ ಮುಟ್ಟಿಸುವ ಯೋಜನೆಯನ್ನು ರೂಪಿಸಿದವರು ಮೈಸೂರು ಸರ್ಕಾರದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅದರ ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯಿಂದ. ಮದ್ದೂರು ರೈಲು ನಿಲ್ದಾಣದಲ್ಲಿ ಇಳಿದ ಭಾರಿ ಸಾಮಾನನ್ನು ಎತ್ತುಗಳೂ ಆನೆಗಳೂ ಹೊಳೆದಂಡೆಯವರೆಗೆ ಎಳೆದು ತಂದವು.

1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್ ತಲುಪಿತು. ನಡುವಿನ ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. 1905ರ ಆಗಸ್ಟ್ 5ರಂದು ಅದೇ ನೀರಿನ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ತೊಡಕು ಬಂದದ್ದು ಬೇಸಿಗೆಯಲ್ಲಿ. ಹೊಳೆ ಬತ್ತಿದಾಗಲೂ ಗಣಿಯ ಯಂತ್ರ ನಿಲ್ಲುವಂತಿರಲಿಲ್ಲ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್, ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಮಂಡ್ಯದ ಕಬ್ಬು, ಭತ್ತ. ಅದನ್ನು ಕಟ್ಟಲು ಹೊರಟ ಕಾರಣಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಮುಖ್ಯವಾಗಿತ್ತು. 1911ರಲ್ಲಿ ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಕೆಲಸ ಶುರುವಾಯಿತು. ಕಾವೇರಿ ನೀರಿನ ಬಗ್ಗೆ ಮದ್ರಾಸು ಸರ್ಕಾರದ ತಕರಾರು 1924ರ ಒಪ್ಪಂದದವರೆಗೂ ಎಳೆಯಿತು. ಇಂದಿನವರು ಬ್ಯಾಟರಿ ಎಂದು ಮಾತಾಡುವುದನ್ನು ಆಗಿನವರು ಕಲ್ಲು, ಸುರ್ಕಿ ಗಾರೆಯಲ್ಲಿ ಕಟ್ಟಿದರು: ಮಳೆಗಾಲದ ಬಲವನ್ನು ಬೇಸಿಗೆಗೆ ಕೂಡಿಡುವ ಉಗ್ರಾಣ.

ಮುಂದಿನ ಸರದಿ ಶರಾವತಿಯದು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು, ಮುಂದೆ ಅದಕ್ಕೆ ಗಾಂಧೀಜಿಯ ಹೆಸರು ಬಂತು; ಅದರ ಮೂಲ ಸಾಮರ್ಥ್ಯ 120 ಮೆಗಾವಾಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ ನೀರುಣಿಸತೊಡಗಿತು. ಜೋಗಕ್ಕೆಂದು ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಹೊಸ ಹಿನ್ನೀರಿನಲ್ಲಿ ಮುಳುಗಿತು. ಅದರೊಂದಿಗೆ ಊರುಗಳು, ಅಡಿಕೆ ತೋಟಗಳು, ದೇವಸ್ಥಾನಗಳು ನೀರಿನಡಿಗೆ ಸೇರಿದವು.

ಹೀಗೆ ಎಂಟು ದಶಕ ಈ ನಾಡಿನ ಕಾರ್ಖಾನೆಗಳನ್ನೂ ಮನೆಗಳನ್ನೂ ಬಹುಮಟ್ಟಿಗೆ ನೀರೇ ನಡೆಸಿತು. ಆದರೆ ಮಳೆ ಕೈಕೊಟ್ಟ ವರ್ಷ ನಾಡಿಗೆ ನಾಡೇ ಕತ್ತಲಾಗುತ್ತಿತ್ತು. 'ಪವರ್ ಕಟ್' ಎಂಬುದು ಮನೆಮಾತಾಯಿತು. ಹೊಸ ಅಣೆಕಟ್ಟು ಕಟ್ಟುವುದೂ ಸುಲಭವಾಗಿ ಉಳಿಯಲಿಲ್ಲ. ಬೇಡ್ತಿ ಹೊಳೆಯ ಜಲವಿದ್ಯುತ್ ಯೋಜನೆಗೆ ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಎದುರು ನಿಂತರು. 1981ರಲ್ಲಿ ತೋಟಗಾರರ ಸಹಕಾರ ಸಂಘದ ಮುಂದಾಳತ್ವದಲ್ಲಿ ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭ ನಷ್ಟಗಳನ್ನು ತಾವೇ ತೂಗಿ ನೋಡಿದರು.

ಆಗ ಬಂದದ್ದು ಕಲ್ಲಿದ್ದಲು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, 210 ಮೆಗಾವಾಟಿನ ಮೊದಲ ಘಟಕ ಚಾಲೂ ಆಯಿತು. ಮುಂದೆ ಅಲ್ಲಿನ ಸಾಮರ್ಥ್ಯ 1,720 ಮೆಗಾವಾಟಿಗೆ ಏರಿತು. ಬಳ್ಳಾರಿ, ಯರಮರಸ್, ಉಡುಪಿಯ ಸ್ಥಾವರಗಳು ಬಂದವು. ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿ ಒಂದೂ ಇಲ್ಲ. ಹೊರರಾಜ್ಯಗಳಿಂದ ರೈಲಿನಲ್ಲಿ, ಹೊರದೇಶಗಳಿಂದ ಹಡಗಿನಲ್ಲಿ ತರಿಸಬೇಕು. ಮಳೆಯ ಹಂಗು ತೀರಿಸಿಕೊಳ್ಳಲು ಹೋಗಿ ನಾಡು ಗೂಡ್ಸ್ ರೈಲಿನ ಹಂಗಿಗೆ ಬಿತ್ತು. ಅದರ ಹೊಗೆ, ಹಾರುಬೂದಿಯನ್ನು ಸ್ಥಾವರಗಳ ಸುತ್ತಲಿನ ಹಳ್ಳಿಗಳು ಉಣ್ಣುತ್ತಿವೆ.

ಹೊಸ ತಿರುವು ಬಂದದ್ದು ಬರದ ಸೀಮೆಯಿಂದ. ತುಮಕೂರು ಜಿಲ್ಲೆಯ ಪಾವಗಡ ಮಳೆ ಕಾಣದೆ ಬಳಲಿದ ತಾಲ್ಲೂಕು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ರೈತರು ಸುಮಾರು 13,000 ಎಕರೆಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಆರಂಭದ ಬಾಡಿಗೆ ನಿಗದಿಯಾಯಿತು. 2018ರಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕ್ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಜಮೀನು ಉಳ್ಳವರಿಗೆ ಬಾಡಿಗೆ ಬಂತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿ ಹೋಯಿತು.

ಇಷ್ಟಾದ ಮೇಲೂ 2023ರ ಅಕ್ಟೋಬರ್ ಹಳೆಯ ಪಾಠವನ್ನು ನೆನಪಿಸಿತು. ಮುಂಗಾರು ಸೋತು ಅಣೆಕಟ್ಟುಗಳು ತುಂಬಿರಲಿಲ್ಲ. ಬೆಳೆ ಉಳಿಸಿಕೊಳ್ಳಲು ರೈತರ ಪಂಪ್‌ಸೆಟ್‌ಗಳು ಬಿಡುವಿಲ್ಲದೆ ಓಡಿದವು. ಜೂನ್‌ನಿಂದ ಆಗಸ್ಟ್‌ವರೆಗೆ ಜೋರಾಗಿ ಬೀಸಿ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಆ ಹೊತ್ತಿಗೆ ಇಳಿದಿರುತ್ತದೆ. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ಇಲ್ಲಿಯೇ ಕೊಡಬೇಕೆಂದು ಆದೇಶಿಸಿತು. ಇನ್ನೊಂದೆಡೆ, ಮಳೆ ಚೆನ್ನಾಗಿ ಬಂದು ಗಾಳಿ ಬೀಸುವ ತಿಂಗಳುಗಳಲ್ಲಿ ರಾಯಚೂರಿನ ಘಟಕಗಳನ್ನು ನಿಲ್ಲಿಸಿಟ್ಟದ್ದೂ ಉಂಟು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕರ್ನಾಟಕದ ಉತ್ತರ ಸ್ಪಷ್ಟ. ಇಲ್ಲಿ ಕೊರತೆಯಿರುವುದು ಬಿಸಿಲಿನದೂ ಅಲ್ಲ, ಗಾಳಿಯದೂ ಅಲ್ಲ, ಕೂಡಿಡುವ ಜಾಗದ್ದು. ಬರದ ವರ್ಷ ನೀರು ಕಡಿಮೆಯಾದರೂ ಬಿಸಿಲು ಇರುತ್ತದೆ. ಹಗಲಿನ ಬಿಸಿಲನ್ನು ಸಂಜೆ ಏಳರ ದೀಪಕ್ಕೆ ಉಳಿಸಿಕೊಂಡರೆ ಕಲ್ಲಿದ್ದಲನ್ನು ಹಂತಹಂತವಾಗಿ ಕೈಬಿಡಬಹುದು. ಅದಕ್ಕೆ ಬ್ಯಾಟರಿಗಳೊಂದು ದಾರಿ. ಇನ್ನೊಂದು ದಾರಿ ಮತ್ತೆ ಶರಾವತಿ ಕಣಿವೆಗೇ ಹೋಗಿ ನಿಲ್ಲುತ್ತದೆ: ಹಗಲಲ್ಲಿ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆ ಇಳಿಬಿಟ್ಟು 2,000 ಮೆಗಾವಾಟ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆ. ಒಂದೇ ನೀರು ಮೇಲೆ ಕೆಳಗೆ ಓಡಾಡುವುದರಿಂದ ಬರದ ಭಯ ಕಡಿಮೆ. ಆದರೆ ಸುರಂಗಗಳು ಸಾಗಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಕಣಿವೆಯ ಜನ, ಪರಿಸರ ಕಾರ್ಯಕರ್ತರು ವಿರೋಧಿಸುತ್ತಿದ್ದಾರೆ.

ಅವರ ವಿರೋಧವನ್ನು ಅಭಿವೃದ್ಧಿಯ ದ್ವೇಷ ಎಂದು ತಳ್ಳಿಹಾಕುವುದು ಅನ್ಯಾಯ. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟೆದ್ದವರ ಮಕ್ಕಳು, ಮೊಮ್ಮಕ್ಕಳು ಪುನರ್ವಸತಿ ಜಮೀನಿನ ಹಕ್ಕಿಗಾಗಿ ದಶಕಗಳ ಕಾಲ ಕಚೇರಿ ಅಲೆದಿದ್ದಾರೆ. ಲಿಂಗನಮಕ್ಕಿಯ ಹಿನ್ನೀರು ಸುತ್ತುವರಿದ ಮೇಲೆ ತುಮರಿ, ಸಿಗಂದೂರು ಸೀಮೆಯವರು ಸಾಗರದ ಆಸ್ಪತ್ರೆಗೆ ಹೋಗಬೇಕಾದರೂ ಲಾಂಚ್‌ಗಾಗಿ ದಡದಲ್ಲಿ ಕಾಯಬೇಕಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ, ಅಣೆಕಟ್ಟು ಎದ್ದು 61 ವರ್ಷಗಳಾದ ಮೇಲೆ.